ಬಂಬ ಕಾಯಿಸುವ ಸೊಸೆ

ಕಮತಗಿಯ ಆ ಕಾಳುಕಡಿ ವ್ಯಾಪಾರಸ್ಥರ ಮನೆಯ ಯಜಮಾನ ಯಾರೆಂದರೆ, ಬಚ್ಚಲಮನೆಯ ತಾಮ್ರದ ಬಂಬ ಎಂದೇ ಹೇಳಬೇಕು. ಎದೆಮಟ್ಟದ ಬಂಬ. ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಕೆಳಗೆ ಬೂದಿ ಬೀಳುವ ಜಾಗ, ಪಕ್ಕಕ್ಕೆ ಹಿತ್ತಾಳೆಯ ನಳ. ಮನೆ ತುಂಬ ಜನ. ಲಿಂಗಪೂಜೆಯಾಗದೆ ಅಲ್ಲಿ ಯಾರೂ ತುತ್ತು ಎತ್ತುವವರಲ್ಲ, ಸ್ನಾನವಾಗದೆ ಲಿಂಗಪೂಜೆಯಿಲ್ಲ, ಬಂಬ ಕಾಯದೆ ಸ್ನಾನವಿಲ್ಲ. ಹೀಗಾಗಿ ಮುಂಜಾನೆ ಎಲ್ಲರೂ ಹೆಗಲ ಮೇಲೆ ಟವಲು ಹಾಕಿಕೊಂಡು ಅದರ ಮುಂದೆಯೇ ಕಾಯ್ದು ನಿಲ್ಲುತ್ತಿದ್ದರು.

ಈ ಯಜಮಾನನ ಸೇವೆ ಹಿರಿಯ ಸೊಸೆ ಸಿದ್ದಲಿಂಗವ್ವನ ಪಾಲಿಗೆ ಬಂದಿತ್ತು. ಚೊಳಚಗುಡ್ಡದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಗುರವ್ವ, "ಸ್ವಲ್ಪ ಬಂಬ ನೋಡವಾ" ಅಂದಿದ್ದಳು. ಹುಡುಗಿಗೆ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುರುಪು. ಗೋಡೆಗೆ ಆತು ನಿಂತಿದ್ದ ಬಂಬವನ್ನು ಗೇಣು ಮುಂದೆ ಸರಿಸಿದಳು. ಅಲುಗಾಡದಂತೆ ಮಟ್ಟಸವಾದ ಹಾಸುಗಲ್ಲಿನ ಮೇಲೆ, ಹೊಗೆ ನೇರ ಬೆಳಕಿಂಡಿಗೆ ಹೋಗುವಂತೆ ನಿಲ್ಲಿಸಿದಳು. ಸಗಣಿ ಕುಳ್ಳಿನ ಬೂದಿ ಗಾಳಿಯ ದಾರಿ ಮುಚ್ಚುತ್ತದೆಂದು ಒಣ ಜಾಲಿ ಕಟ್ಟಿಗೆ ಹಚ್ಚಿದಳು. ಬಾವಿಯ ಸವಳು ನೀರಿಗೆ ಒಳಗೆಲ್ಲ ಸುಣ್ಣದ ಪದರು ಕಟ್ಟಿ ನೀರು ಬೇಗ ಕಾಯುತ್ತಿರಲಿಲ್ಲ. ರಾತ್ರಿಯಿಡೀ ಹುಣಸೆಹುಳಿಯ ನೀರು ತುಂಬಿಟ್ಟು ಪದರು ಕಳಚಿ ತೆಗೆದಳು. ಬಂಬ ಮೊದಲಿನ ಅರ್ಧ ಹೊತ್ತಿನಲ್ಲೇ ಕಾಯತೊಡಗಿತು. ಅತ್ತೆ ಬಾಯಿ ತುಂಬ ಹೊಗಳಿದಳು, ಸೊಸೆ ಹಿಗ್ಗಿಹೋದಳು. ಆ ಹೊಗಳಿಕೆ ತನ್ನ ಕಾಲು ಕಟ್ಟಿಹಾಕುತ್ತದೆಂದು ಪಾಪ ಅವಳಿಗೆ ಹೇಗೆ ತಿಳಿಯಬೇಕು?

ನಾಗರ ಪಂಚಮಿಗೆ ಆ ಕಡೆಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುತ್ತಾರೆ. ಉಂಡಿ, ಜೋಕಾಲಿ, ಗೆಳತಿಯರ ನಗೆ, ನಾಲ್ಕು ದಿನ ಯಾರ ಅಪ್ಪಣೆಯೂ ಇಲ್ಲ. ಸಿದ್ದಲಿಂಗವ್ವನ ಅಣ್ಣ ಕಾಶಪ್ಪನೂ ಪ್ರತಿ ಶ್ರಾವಣಕ್ಕೆ ಕರೆಯಲು ಬರುತ್ತಿದ್ದ.

"ಅವ್ವಾರ, ಈ ಸಲರ ತಂಗೀನ್ನ ಪಂಚಮಿಗೆ ಕಳಸ್ರಿ."

"ನಂದೇನೂ ಅಡ್ಡಿ ಇಲ್ಲಪಾ. ಖರೆ ಬಂಬ ಯಾರು ನೋಡ್ತಾರ? ಅಕಿ ಕೈಯಾಗ ಕಾದಂಗ ಮತ್ಯಾರ ಕೈಯಾಗೂ ಕಾಯೂದಿಲ್ಲ."

ಕಾಶಪ್ಪ ಊಟ ಮಾಡಿ, ತಂಗಿಯ ಮುಖ ನೋಡಲಾರದೆ ಬಸ್ಸು ಹಿಡಿಯುತ್ತಿದ್ದ. ಬಾಣಂತನಕ್ಕೆ ಕಳಿಸಿದಾಗಲೂ ಅಷ್ಟೆ, ಇಲ್ಲಿ ಬಂಬ ಕೆಟ್ಟಿತೆಂದು ಗುರವ್ವ ಅವಸರದಿಂದ ಹೇಳಿಕಳಿಸಿ ಕರೆಸಿಕೊಂಡಿದ್ದಳು. ಹಸಿ ಬಾಣಂತಿ ಕೂಸನ್ನು ತೊಟ್ಟಿಲಿಗೆ ಹಾಕಿ ಬಂದವಳೇ ಬೂದಿ ತೆಗೆದಳು. ಇಂಥ ಮಾನ ಯಾವ ಶತ್ರುವಿಗೂ ಬೇಡ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಕಿರಿಯ ಸೊಸೆ ಬನಶಂಕರಿ ಬೇವೂರಿನಿಂದ ಬಂದಳು. ಸಿದ್ದಲಿಂಗವ್ವನಿಗೆ ಜೀವ ಬಂದಂತಾಯಿತು. ಶ್ರಾವಣಕ್ಕೆ ಮೊದಲೇ ನೆಗೆಣ್ಣಿಯನ್ನು ಬಚ್ಚಲಮನೆಗೆ ಕರೆದು ಕಲಿಸತೊಡಗಿದಳು.

"ಮೊದಲ ನೀರು, ಆಮ್ಯಾಲ ಬೆಂಕಿ. ಖಾಲಿ ಬಂಬಕ್ಕ ಎಂದೂ ಉರಿ ಹಚ್ಚಬ್ಯಾಡ, ಬೆಸುಗಿ ಕರಗಿ ಬಾಯಿ ಬಿಡ್ತದ. ನಳದಾಗ ಒಂದು ಕೊಡ ತಗದ್ರ ಮ್ಯಾಲ ಒಂದು ಕೊಡ ಸುರಿ."

ಬನಶಂಕರಿ ಚುರುಕು ಹುಡುಗಿ. ಬೂದಿಯ ಬಾಗಿಲು ಎಷ್ಟು ತೆರೆದರೆ ಉರಿ ಎಷ್ಟು ಏಳುತ್ತದೆಂದು ತಾನೇ ನೋಡಿ ಹೇಳಿದಳು. ವಾರದೊಳಗೆ ಒಬ್ಬಳೇ ಮನೆಮಂದಿಗೆಲ್ಲ ನೀರು ಕಾಯಿಸಿದಳು. ಸಿದ್ದಲಿಂಗವ್ವ ಓಡಿಹೋಗಿ ಅತ್ತೆಗೆ ಹೇಳಿದಳು. ಗುರವ್ವ ಯೋಚಿಸಿ, "ಆತು, ನೀ ಹೋಗಿ ಬಾ. ಬನಶಂಕರಿ ಇರ್ತಾಳ" ಅಂದಳು. ಬೇವೂರಿನಿಂದ ಕರೆಯಲು ಬಂದವರಿಗೆ, ಈ ಸಲ ಹುಡುಗಿಯನ್ನು ಕಳಿಸುವುದಾಗುವುದಿಲ್ಲವೆಂದು ಹೇಳಿಯೂ ಕಳಿಸಿದಳು. ಅದು ಕಿವಿಗೆ ಬಿದ್ದರೂ ಸಿದ್ದಲಿಂಗವ್ವ ತನ್ನ ಸೀರೆ ಮಡಚುತ್ತ ಕೂತಳು. ಸಂತೋಷಕ್ಕೆ ಕಿವಿ ಮಂದ.

ಹೊರಡುವ ಹಿಂದಿನ ಸಂಜೆ ಅವಳು ಬಂಬ ಬರಿದು ಮಾಡಿ, ತೊಳೆದು, ಒಣಗಲು ಬಿಟ್ಟಳು. ಮುಂಜಾನೆ ಇಳಕಲ್ಲ ಸೀರೆ ಉಟ್ಟು, ಗಂಟು ಕಟ್ಟಿಕೊಂಡು ಬಂದಳು. ಕಾಶಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಆಗ ಬಚ್ಚಲಮನೆಯಿಂದ ಕಾದ ತಾಮ್ರದ ಕಮಟು ವಾಸನೆ ಬಂತು. ಸಿದ್ದಲಿಂಗವ್ವ ಗಂಟು ಅಲ್ಲೇ ಬಿಟ್ಟು ಓಡಿದಳು. ಬಂಬದಲ್ಲಿ ಹನಿ ನೀರಿಲ್ಲ, ಕೊಳವೆಯ ತುಂಬ ಉರಿ. ಬೆಸುಗೆ ಕರಗಿ ಕೆಳಗಿನ ಜೋಡಣೆ ಬಾಯಿ ತೆರೆದಿತ್ತು. ಬನಶಂಕರಿ ಗೋಡೆಗೆ ಒರಗಿ ನಿಂತಿದ್ದಳು.

ಮನೆಯೆಲ್ಲ ಗದ್ದಲವಾಯಿತು. ಗಂಡಸರು ತಣ್ಣೀರು ಸುರಿದುಕೊಂಡು ಗೊಣಗಿದರು. ಗುರವ್ವ ಕಟ್ಟೆಗೆ ಬಂದು, "ಕಾಶಪ್ಪಾ, ನೀನ ನೋಡಿದೆಲ್ಲ? ಹೆಂಗ ಕಳಸ್ಲಿ ಹೇಳು" ಅಂದಳು. ಅವನು ಬಟ್ಟಲು ಕೆಳಗಿಟ್ಟು ಎದ್ದು ಹೋದ.

ಬೆಸುಗೆ ಹಾಕಲು ಕಲಾಯಿಗಾರ ಹುಸೇನಸಾಬ ಬಂಬವನ್ನು ಅಂಗಳಕ್ಕೆ ಒಯ್ದ ಮೇಲೆ ಬಚ್ಚಲಮನೆಯಲ್ಲಿ ನೆಗೆಣ್ಣಿಯರಿಬ್ಬರೇ ಉಳಿದರು. ಸಿದ್ದಲಿಂಗವ್ವ ಬನಶಂಕರಿಯ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನಿನಗ ಬರ್ತಿತ್ತು. ಬೇಕಂತ ಸುಟ್ಟಿ."

ಬನಶಂಕರಿ ಇಲ್ಲವೆನ್ನಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು, "ಹೌದಕ್ಕಾ. ನನಗ ಬರ್ತದ ಅಂತ ಇವರಿಗೆ ಖಾತ್ರಿ ಆದ್ರ, ನನ್ನ ಯಾರು ಬಿಡ್ತಾರ? ನಿನ್ನ ನೋಡಿ ಹೆದರಿದೆ" ಅಂದಳು.

ಸಿದ್ದಲಿಂಗವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅತ್ತೆಗೆ ಒಂದು ಮಾತು ಹೇಳಿದರೆ ಸಾಕು, ನಾಳೆಯಿಂದ ಈ ಹುಡುಗಿ ಇಲ್ಲಿ, ತಾನು ಜೋಕಾಲಿಯ ಮೇಲೆ. ಹೇಳಿಬಿಡಬೇಕೆಂದೇ ಅಡುಗೆಮನೆಯತ್ತ ನಡೆದಳು. ಎದುರಿಗೇ ಗುರವ್ವ ಬಂದಳು.

"ಖರೆ ಹೇಳು. ಅಕಿಗೆ ಇನ್ನೊಂದು ಸಲ ಕಲಸಿದ್ರ ಬಂದೀತೇನು?"

ಸಿದ್ದಲಿಂಗವ್ವ ಹಿಂದೆ ತಿರುಗಿ ನೋಡಿದಳು. ಬನಶಂಕರಿ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ತಾನು ಈ ಮನೆಗೆ ಬಂದಾಗ ಇದ್ದ ವಯಸ್ಸೇ ಅವಳದು.

"ಇಲ್ಲ್ರಿ ಅತ್ತಿ. ಅಕಿಗೆ ಎಂದೂ ಬರೂದಿಲ್ಲ. ನಾನ ನೋಡ್ಕೊಂತೇನಿ."

ಗುರವ್ವ ಹಣೆ ಬಡಿದುಕೊಂಡಳು. "ದಂಡಪಿಂಡ! ಇದ್ದು ಏನು ಮಾಡ್ತಾಳ ಇಲ್ಲೆ? ತವರಿಗೆ ಹೋಗಲಿ ಅತ್ತಾಗ!"

ಮಧ್ಯಾಹ್ನದ ಬಸ್ಸಿಗೇ ಬನಶಂಕರಿಯನ್ನು ಬೇವೂರಿಗೆ ಕಳಿಸಿದರು. ಸಿದ್ದಲಿಂಗವ್ವ ಸೀರೆ ಬದಲಿಸಿ ಕಟ್ಟಿಗೆ ಒಡೆಯಲು ಕೂತಳು. ಅಂಥದೊಂದು ಬೈಗುಳ ತಿನ್ನಬೇಕೆಂದು ಅವಳು ಮುಂದೆ ಎಷ್ಟೋ ಶ್ರಾವಣ ಆಸೆಪಟ್ಟಳು. ಆ ಮನೆಯಲ್ಲಿ ಅವಳನ್ನು ಎಲ್ಲರೂ ಹೊಗಳುತ್ತಲೇ ಇದ್ದರು.