ಸೋಮವಾರ ಸ್ಟಾರ್ಟ್ ಆಗದ ಕಾರು

ಪೂರ್ತಿ ಕೆಟ್ಟು ನಿಂತ ಕಾರನ್ನು ಬೈಯಬಹುದು, ತಳ್ಳಬಹುದು, ಗುಜರಿಗೆ ಹಾಕಿ ಕೈ ತೊಳೆದುಕೊಳ್ಳಬಹುದು. ಒಂದು ದಿನ ಕೆಟ್ಟು ನಾಲ್ಕು ದಿನ ನೆಟ್ಟಗಿರುವ ಕಾರನ್ನು ಏನು ಮಾಡುವುದು? ನಮ್ಮ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಅಂಥ ಮುಂಡೇದಾಗಿತ್ತು. ಹುತ್ತೂರಿಗೋ, ಕೋಲಾರದ ಮಾರ್ಕೆಟ್ಟಿಗೋ, ನಂಗಲಿ ಕಡೆಯ ಮದುವೆಗೋ ಎಂದರೆ ಕೀ ತಿರುಗಿಸಿದ ತಕ್ಷಣ ಗುರ್ ಅನ್ನುತ್ತಿತ್ತು. ಸೋಮವಾರ ರಾಯಲ್ಪಾಡಿಗೆ ಹೋಗಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಎಂದರೆ ಮಾತ್ರ ಟಕ್ ಟಕ್ ಅಂತ ಸದ್ದು, ದೀಪಗಳು ಮಿಣುಕು ಮಿಣುಕು, ಆಮೇಲೆ ಅದೂ ಇಲ್ಲ. ಎಲ್ಲ ಸೋಮವಾರವೂ ಹೀಗಾಗಿದ್ದರೆ ನನಗೆ ಬೇಗ ಬುದ್ಧಿ ಬರುತ್ತಿತ್ತೋ ಏನೋ. ಕೆಲವು ಸೋಮವಾರ ಏನೂ ತಕರಾರಿಲ್ಲದೆ ಹೊರಡುತ್ತಿತ್ತು.

ಅಮ್ಮನ ಕಾಲಿನಲ್ಲಿ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆಯವಳು, ಮಾವಿನ ತೋಪಿನಲ್ಲಿ ಮುಳ್ಳು ಚುಚ್ಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ವಾರ ವಾರ ಬಂದು ಡ್ರೆಸ್ಸಿಂಗ್ ಮಾಡಿಸಲೇಬೇಕು, ತಪ್ಪಿಸಿದರೆ ಕಾಲು ಉಳಿಯುವುದಿಲ್ಲ ಎಂದು ಕೋಲಾರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ರಾಯಲ್ಪಾಡಿನಲ್ಲಿ ಅವಳಿದ್ದದ್ದು ನನ್ನ ತಮ್ಮನ ಮನೆಯಲ್ಲಿ. ಅವನ ಬೈಕಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಊದಿಕೊಳ್ಳುತ್ತಿತ್ತು, ಬಸ್ಸಿನ ಮೆಟ್ಟಿಲು ಹತ್ತುವುದಂತೂ ದೂರದ ಮಾತು. ಹಾಗಾಗಿ ನಾನೇ ಕಾರು ತೆಗೆದುಕೊಂಡು ಹೋಗಿ, ಡ್ರೆಸ್ಸಿಂಗ್ ಮಾಡಿಸಿ, ಒಂದೆರಡು ದಿನ ನಮ್ಮ ಮನೆಯಲ್ಲಿ ಇಟ್ಟುಕೊಂಡು ವಾಪಸ್ಸು ಬಿಡುವುದೆಂದು ಮಾತಾಗಿತ್ತು.

ನಮ್ಮ ಮನೆ ಎಂದೆ, ಅದು ಅವಳು ಹುಟ್ಟಿದ ಮನೆ. ನನ್ನನ್ನು ಕೊಟ್ಟಿದ್ದು ಅಮ್ಮನ ಸ್ವಂತ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವನನ್ನು ನಾನು ಕರೆಯುವುದು ಮಾವ ಅಂತಲೇ. ಅವರ ತಾಯಿ ಬೇಗ ಹೋದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಅಮ್ಮನೇ. ಬೇರೆ ಹೆಂಗಸರು ಗಂಡನ ಮನೆಯವರ ಕುತಂತ್ರಗಳನ್ನು ಹೇಳಿಕೊಂಡು ಗೋಳಾಡುವಾಗ ನಾನು ಜಂಬದಿಂದ ಕೂತಿರುತ್ತಿದ್ದೆ. ನನ್ನ ಗಂಡನ ಮನೆಯೂ ಅಮ್ಮನ ತವರೂ ಒಂದೇ, ನನಗ್ಯಾರು ಮೋಸ ಮಾಡುತ್ತಾರೆ?

ನಾವು ರೇಷ್ಮೆ ಸಾಕುವವರು. ಹುಳ ಮನೆಗೆ ಬಂತೆಂದರೆ ಗೂಡು ಕಟ್ಟುವವರೆಗೆ ಬಾಣಂತಿ ಮನೆಯ ಹಾಗೆ ನೂರೆಂಟು ಕಟ್ಟುಪಾಡು. ಹೊರಗಿನವರು ಹುಳದ ಮನೆಗೆ ಕಾಲಿಡಬಾರದು, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು, ಸಾವಿನ ಮನೆಗೆ ಹೋಗಿ ಬಂದವರು ಹತ್ತಿರ ಸುಳಿಯಬಾರದು. ಅಮ್ಮ ಮೊದಲ ಸಲ ಕಾಲಿಗೆ ಕಟ್ಟು ಹಾಕಿಸಿಕೊಂಡು ಬಂದು ನಮ್ಮಲ್ಲಿ ಉಳಿದಾಗ ಆ ಬೆಳೆ ಕೆಟ್ಟಿತು. ಹುಳಗಳು ಊದಿಕೊಂಡು, ಹಾಲಿನಂಥ ನೀರು ಒಸರಿ ಸತ್ತವು. ಪಕ್ಕದ ಮನೆಯವಳು ಬೇಲಿ ಮೇಲಿಂದ, "ಹುಣ್ಣಿನ ಕಾಲು ಒಳಗ್ ಬಂದ್ರೆ ಹುಳ ಉಳೀತಾವೇನೇ?" ಎಂದಳು. ನಾನು ಅವಳ ನೀರಿಳಿಸಿ ಕಳಿಸಿದೆ. ಮಾವ ಏನೂ ಅನ್ನಲಿಲ್ಲ. ಸುಮ್ಮನಿದ್ದದ್ದನ್ನು ನಾನು ದೊಡ್ಡತನ ಅಂದುಕೊಂಡೆ.

ಕಾರು ಕೈಕೊಡಲು ಶುರುವಾಗಿದ್ದು ಅದಾದ ಮೇಲೆ. ಕೋಲಾರದ ಮೆಕ್ಯಾನಿಕ್ ಮೊದಲು ಬ್ಯಾಟರಿ ಹಳೆಯದೆಂದ, ಹೊಸದು ಹಾಕಿಸಿದೆವು. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ಕ್ಲೀನ್ ಮಾಡಿದ. ಆಮೇಲೆ ಅರ್ತ್ ವೈರ್ ಬದಲಾಯಿಸಿದ. ಕೊನೆಗೆ ಅವನಿಗೂ ರೇಗಿತು. "ಅಕ್ಕಾ, ಗಾಡಿ ಗುಂಡುಕಲ್ಲಿನಂಗೈತೆ. ನನ್ ಮುಂದೆ ಒಂದ್ಸಲಾನಾದ್ರೂ ನಿಲ್ಲಲಿ, ನೋಡೋಣ" ಎಂದ. ಅವನ ಮುಂದೆ ಅದು ನಿಂತರೆ ತಾನೆ!

ನಮ್ಮ ಮನೆಯಲ್ಲಿ ಅದನ್ನು ಸರಿ ಮಾಡುತ್ತಿದ್ದವನು ಮಾವ. ಸೊಪ್ಪಿನ ತೋಟದಿಂದ ಮಧ್ಯಾಹ್ನ ಬಂದು, ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ಕುಟ್ಟಿ, "ಈಗ್ ನೋಡು" ಅನ್ನುತ್ತಿದ್ದ. ಕಾರು ಗುರ್ ಅನ್ನುತ್ತಿತ್ತು. ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಮುಗಿದಿರುತ್ತಿತ್ತು, ಆ ಡಾಕ್ಟರು ಸಿಗುವುದು ಸೋಮವಾರ ಮಾತ್ರ. ಬಾಡಿಗೆ ಕಾರು ಮಾಡುತ್ತೇನೆಂದರೆ, "ಮನೇಲಿ ಗಾಡಿ ಇಟ್ಕೊಂಡು ಊರೋರ ಕೈಲಿ ನಗಿಸ್ಕೊಳ್ಳೋದಾ? ಬರೋ ವಾರ ಹೋಗಿವಂತೆ ಬಿಡು" ಎನ್ನುತ್ತಿದ್ದ. "ನಿನ್ನ ಕೈಗುಣ ದೊಡ್ಡದು ಮಾವ" ಎಂದು ನಾನೇ ಹೊಗಳಿ ಕಾಫಿ ಕೊಡುತ್ತಿದ್ದೆ. ಡ್ರೈವಿಂಗ್ ಕಲಿಸಿದವನೂ ಅವನೇ. ಬಾನೆಟ್ ಒಳಗೆ ಮಾತ್ರ ಕೈ ಹಾಕಬೇಡ, ಕರೆಂಟ್ ಹೊಡೆಯುತ್ತದೆ ಎಂದು ಹೆದರಿಸಿದ್ದ.

ಪ್ರತಿ ಸೋಮವಾರ ಬೆಳಗ್ಗೆ ಅಮ್ಮ ಫೋನ್ ಮಾಡಿ ಹೊರಟೆಯಾ ಅಂತ ತೆಲುಗಿನಲ್ಲಿ ಕೇಳುತ್ತಿದ್ದಳು. "ಏಮಮ್ಮಾ, ಬಯಲ್ದೇರಿನಾವಾ?" ಇಲ್ಲಮ್ಮಾ, ಕಾರು ಮತ್ತೆ ಮುಷ್ಕರ ಹೂಡಿದೆ ಎಂದರೆ, "ಪೋನೀಲೇ", ಹೋಗಲಿ ಬಿಡು, ಎಂದು ಫೋನ್ ಇಡುತ್ತಿದ್ದಳು. ನನಗೆ ಅಳು ಬರುತ್ತಿತ್ತು.

ಆ ಸೋಮವಾರ ಫೋನ್ ಮಾಡಿದವನು ತಮ್ಮ. ಅಮ್ಮನ ಕಾಲು ವಾಸನೆ ಬರುತ್ತಿದೆ, ಬೆರಳು ಕಪ್ಪಗಾಗಿದೆ, ಬೇಗ ಬಾ ಎಂದ. ಮಾವ ಸೊಪ್ಪಿಗೆ ಹೋಗಿದ್ದ. ಕೀ ತಿರುಗಿಸಿದೆ. ಟಕ್ ಟಕ್. ಕರೆಂಟ್ ಹೊಡೆದರೆ ಹೊಡೆಯಲಿ ಎಂದು ಬಾನೆಟ್ ಎತ್ತಿದೆ. ಬ್ಯಾಟರಿಯ ಒಂದು ವೈರಿನ ಪಟ್ಟಿ ಸಡಿಲವಾಗಿ, ಮುಟ್ಟಿದರೆ ತಿರುಗುತ್ತಿತ್ತು. ಸುತ್ತ ಬೆಳ್ಳಗಿತ್ತು. ಉಪ್ಪು ಕಟ್ಟಿರಬೇಕೆಂದು ಒರೆಸಹೋದವಳು ಕೈ ಹಿಂದಕ್ಕೆಳೆದುಕೊಂಡೆ. ಕಪ್ಪು ಬ್ಯಾಟರಿಯ ಮೇಲೆ ನಾಲ್ಕು ಬೆರಳೂ ಹೆಬ್ಬೆರಳೂ ಅಚ್ಚು ಒತ್ತಿದಂತೆ ಮೂಡಿದ್ದವು. ಅದು ಸುಣ್ಣ.

ಹುಳಗಳು ಸೊಪ್ಪು ಬಿಟ್ಟು ಚರ್ಮ ಕಳಚಲು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಆ ಬೆಳಗ್ಗೆ ನಾಲ್ಕನೇ ಜ್ವರದ ಹುಳಕ್ಕೆ ಸುಣ್ಣ ಹಾಕಿದವನು ಮಾವ. ಕಾರು ನಿಂತ ಸೋಮವಾರಗಳನ್ನೆಲ್ಲ ಅಲ್ಲೇ ನಿಂತು ನೆನೆದೆ. ಎಲ್ಲವೂ ಮನೆಯಲ್ಲಿ ಹುಳವಿದ್ದ ಸೋಮವಾರಗಳು. ಹುಳ ಇಲ್ಲದಾಗ ಕಾರಿಗೆ ಯಾವ ರೋಗವೂ ಇರಲಿಲ್ಲ. ಅಯ್ಯೋ ದೇವರೇ, ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪಟ್ಟಿಯನ್ನು ಒತ್ತಿ ಕೂರಿಸಿ, ಕಟಿಂಗ್ ಪ್ಲೇಯರಿನಲ್ಲಿ ನಟ್ ತಿರುವಿದೆ. ಕಾರು ಒಂದೇ ಸಲಕ್ಕೆ ಎದ್ದಿತು. ಶ್ರೀನಿವಾಸಪುರ ದಾಟುವವರೆಗೂ ಬಾಯಿಗೆ ಬಂದಂತೆ ಬೈಯುತ್ತಲೇ ಓಡಿಸಿದೆ.

ಕೋಲಾರದಲ್ಲಿ ಡಾಕ್ಟರು ಕಟ್ಟು ಬಿಚ್ಚಿದ ಕೂಡಲೇ ಮುಖ ಗಂಟು ಹಾಕಿದರು. "ಇಷ್ಟು ವಾರ ಎಲ್ಲಿ ಹೋಗಿದ್ರಿ?" ಎಂದು ನನ್ನನ್ನೇ ಗದರಿದರು. ಬೆರಳುಗಳ ಜೊತೆ ಅರ್ಧ ಪಾದ ತೆಗೆಯಬೇಕಾಯಿತು.

ಆಪರೇಷನ್ ಆದ ಮೇಲೆ ಮಾವ ಎಳನೀರು ಹಿಡಿದು ಬಂದ. ಅಕ್ಕನ ಕಾಲು ನೋಡಿ ಮಗುವಿನಂತೆ ಅತ್ತ. ಆ ಅಳು ನೋಡಿ ನನ್ನ ಮೈ ಉರಿದುಹೋಯಿತು. ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದೆ.

"ಬ್ಯಾಟರಿ ಮೇಲೆ ಯಾರ ಕೈ ಮಾವ ಅದು?"

ಅವನು ನೆಲ ನೋಡಿದ. "ಹುಳ ಇರೋವರ್ಗೂ ಅಷ್ಟೇ ಕಣೇ. ಒಂದ್ ವಾರ ತಡ ಆದ್ರೆ ಏನಾಗ್ತದೆ ಅಂದ್ಕೊಂಡೆ."

"ಮಗೂನೂ ಚಿವುಟ್ದೆ, ತೊಟ್ಟಿಲೂ ತೂಗ್ದೆ! ನನ್ ಕಣ್ಮುಂದೇನೇ ರಿಪೇರಿ ಮಾಡಿ ಶಹಬ್ಬಾಸ್ ಬೇರೆ ಇಸ್ಕೊಂಡ್ಯಲ್ಲೋ! ಹೊತ್ತು ಸಾಕಿದ ಅಕ್ಕನ ಕಾಲು ಅದು. ನಿನ್ನ ಹುಳಕ್ಕೆ ಮಣ್ಣು ಹಾಕ!"

"ಅಕ್ಕನ್ನೇ ಕೇಳು" ಎಂದ, ತಲೆ ಎತ್ತದೆ.

ನನಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ, ಸುಣ್ಣದ ಬೆರಳಿನವರೆಗೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ವಾಣ್ಣೇಮೀ ಅನೊದ್ದು. ನೇನೇ ಚೆಪ್ಪಿನಾ" ಎಂದಳು. ಅವನನ್ನು ಏನೂ ಅನ್ನಬೇಡ, ನಾನೇ ಹೇಳಿದ್ದು ಅಂತ.

"ಏನಂತ ಹೇಳ್ದೆ?"

"ಹುಳ ಇದ್ದಾಗ ಬರಲ್ಲ ಅಂದ್ರೆ ನೀನು ಕೇಳೋಳಾ? ಹೊತ್ಕೊಂಡಾದ್ರೂ ಬರ್ತೀಯ. ಅದಕ್ಕೇ ಗಾಡೀನೇ ನಿಲ್ಸೋ ಅಂದೆ. ನಮ್ಮಪ್ಪ ಕಟ್ಟಿದ್ ಹುಳದ ಮನೆ ಅದು. ನನ್ ಕಾಲಿಂದ ಕೆಡಬಾರ್ದು."

ಅಂದರೆ ಹೊರಟೆಯಾ ಅಂತ ಅವಳು ಕೇಳುತ್ತಿದ್ದದ್ದು, ನಾನು ಹೊರಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು! ಇಬ್ಬರೂ ಸೇರಿ ನನ್ನನ್ನು ಕುಣಿಸಿದ್ದರು. "ಹಂಗಾದ್ರೆ ನಾನು ಯಾರಮ್ಮಾ ನಿಂಗೆ?" ಎಂದು ಕೂಗಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಮಗಳು. ಆದ್ರೆ ಆ ಮನೆಗೆ ನೀನು ಸೊಸೆ ಕಣೇ. ಹುಟ್ಟಿದೋಳು ನಾನು."

ಮಾವ ಮಾಡಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು.

ಡಿಸ್ಚಾರ್ಜ್ ದಿನವೂ ಅದೇ ಹಟ. ಹುಳ ಜ್ವರ ಎದ್ದು ಸೊಪ್ಪು ಮೇಯುತ್ತಿದೆ, ನನ್ನನ್ನು ರಾಯಲ್ಪಾಡಿಗೆ ಬಿಡು ಎಂದಳು. ನಾನು ಕಾರನ್ನು ನಮ್ಮೂರಿನ ಕಡೆ ತಿರುಗಿಸಿದೆ. ಹುಳದ ಮನೆಗೆ ಅಂಟಿಕೊಂಡಿರುವ ನಡುಮನೆಯಲ್ಲೇ ಹಾಸಿಗೆ ಹಾಸಿದೆ. ದಿನಾ ಅವಳ ಕಾಲಿಗೆ ಕಟ್ಟು ಕಟ್ಟಿ, ಸೋಪಿನಲ್ಲಿ ಕೈ ತೊಳೆದು, ಅದೇ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕಿದೆ. ಮಾವ ನೋಡುತ್ತಲೇ ಸೊಪ್ಪಿನ ಬುಟ್ಟಿ ತಂದಿಟ್ಟ. ಮೂವರೂ ಬೆಳೆ ಕೆಡುವುದನ್ನೇ ಕಾಯುತ್ತಿದ್ದೆವು ಅನ್ನಿಸುತ್ತದೆ, ಅವರಿಬ್ಬರು ತಮ್ಮ ಭಯ ಸುಳ್ಳಲ್ಲ ಎಂದಾಗಲು, ನಾನು ಸಿಟ್ಟಿಗೆ.

ಬೆಳೆ ಕೆಡಲಿಲ್ಲ. ಹುಳ ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆಗೆ ಹತ್ತಿ, ಗಟ್ಟಿ ಗೂಡು ಕಟ್ಟಿತು. ಬಿಡಿಸಿ ರಾಶಿ ಹಾಕಿದ ದಿನ ಅಮ್ಮ ಒಂದು ಗೂಡು ಕೊಡು ಎಂದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಚೆನ್ನಾಗಿ ಬಲಿತ ಗೂಡಿನಲ್ಲಿ ಒಳಗಿನ ಹುಳ ಲೊಟಲೊಟ ಅನ್ನುತ್ತದೆ.

"ಒಳ್ಳೇ ಬೆಳೆ ಕಣೋ ತಮ್ಮಾ" ಎಂದಳು ಮಾವನಿಗೆ.

ಆಮೇಲೆ ತನ್ನ ಕಾಲಿನ ಕಡೆ ನೋಡಿಕೊಂಡಳು. ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಾವ ಎದ್ದು ಹೊರಗೆ ಹೋದ. ನಾನು ಅವಳ ಪಕ್ಕ ಕೂತೆ. ಸಿಟ್ಟು ಇನ್ನೂ ಹಾಗೇ ಇತ್ತು.