ಶಿದ್ರಾಮಪ್ಪ ಸುರಿದ ಉಪ್ಪು

ರಬಕವಿಯ ಬಣ್ಣಗಾರ ಶಿದ್ರಾಮಪ್ಪನಿಗೆ ಅರವತ್ತೆರಡು ವರ್ಷ. ಅದರಲ್ಲಿ ನಲವತ್ತೈದನ್ನು ಅವನು ಸೀರೆಯ ನೂಲಿಗೆ ಕೆಂಪು ಹಾಕುತ್ತಲೇ ಕಳೆದ. ಅವನ ಹಿತ್ತಲ ಬೋರಿನದು ಬಲು ಗಡಸು ನೀರು, ಆ ಕಡೆಯವರ ಮಾತಿನಲ್ಲಿ ಸವಳು. ಅದರಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ತೊಗರಿಬೇಳೆ ಬೇಯುವುದಿಲ್ಲ, ನೂಲಿನ ಮೇಲೆ ಬಣ್ಣ ಕಲೆಕಲೆಯಾಗಿ ಕೂರುತ್ತದೆ. ಅಂಥ ನೀರಿಗೆ ಸೋಡಾ ಹಾಕಿ, ನಾಲಿಗೆಯ ಮೇಲೆ ಒಂದು ಹನಿ ಇಟ್ಟು ನೋಡಿ ಹದಕ್ಕೆ ತರುವುದು ಆ ಓಣಿಯಲ್ಲಿ ಅವನೊಬ್ಬನಿಗೇ ಬರುತ್ತಿತ್ತು. ಅದರ ಬಗ್ಗೆ ಜಂಭವೂ ಇತ್ತು, ಸುಳ್ಳೇಕೆ ಹೇಳಬೇಕು.

ಮಗಳು ಮಧುಮತಿ ಹತ್ತು ವರ್ಷದಿಂದ ಅವನ ಜೊತೆ ಹಂಡೆಯ ಮುಂದೆ ನಿಂತವಳು. ನೂಲಿನ ಲಡಿ ತೊಳೆದಳು, ಹಿಂಡಿದಳು, ಒಣಹಾಕಿದಳು. ಬಣ್ಣ ಕಲಸಲು ಮಾತ್ರ ಅಪ್ಪ ಬಿಡಲಿಲ್ಲ. "ನಿನಗ ನೀರ ತಿಳಿಯೂದಿಲ್ಲ ಬೇ" ಎಂಬ ಒಂದೇ ಮಾತು. ತಾನೂ ಬಣ್ಣ ಹಾಕುವವಳು ಎನಿಸಿಕೊಳ್ಳಬೇಕೆಂಬ ಹಟ ಅವಳಿಗೆ. ಕೊನೆಗೆ ಜಮಖಂಡಿಯಿಂದ ನೀರು ಮೆದು ಮಾಡುವ ಸಾಫ್ಟನರ್ ತರಿಸಿ ಬೋರಿನ ಪೈಪಿಗೆ ಕೂಡಿಸಿಯೇ ಬಿಟ್ಟಳು. ಎದೆಯೆತ್ತರದ ಕೊಳವೆ, ಒಳಗೆ ಸಾಸಿವೆಯಂಥ ಮಣಿಗಳು. ನೀರಿನ ಸುಣ್ಣವೆಲ್ಲ ಆ ಮಣಿಗಳಿಗೆ ಅಂಟುತ್ತದೆ. ಪಕ್ಕದ ಡಬ್ಬಿಯ ಉಪ್ಪುನೀರು ವಾರಕ್ಕೊಮ್ಮೆ ಅವನ್ನು ತೊಳೆಯುತ್ತದೆ. ಡಬ್ಬಿಯಲ್ಲಿ ಉಪ್ಪು ತೀರದಂತೆ ನೋಡಿಕೊಂಡರೆ ಆಯಿತು. ಯಂತ್ರ ಬಂದ ದಿನದಿಂದ ಶಿದ್ರಾಮಪ್ಪ ಮುನಿಸಿಕೊಂಡು ನೀರಿನ ರುಚಿ ನೋಡುವುದನ್ನೇ ಬಿಟ್ಟ.

ಮಧುಮತಿ ತಾನೇ ತೂಗಿ ಬಣ್ಣ ಕಲಸಿದಳು. ಕೆಂಪು ಎಲ್ಲ ಲಡಿಗೂ ಒಂದೇ ಸಮ ಹಿಡಿಯಿತು. ಬನಹಟ್ಟಿಯ ಸೀರೆ ವ್ಯಾಪಾರಿ ಮಲ್ಲಿನಾಥ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಶಿದ್ರಾಮಣ್ಣ, ಕೈ ಅಂದ್ರ ನಿಮ್ದರೀ" ಎಂದ. ಶಿದ್ರಾಮಪ್ಪ ಆ ಹೊಗಳಿಕೆಯನ್ನು ತನ್ನದೆಂದೇ ಇಟ್ಟುಕೊಂಡ. ಮಗಳು ಅಲ್ಲೇ ನಿಂತಿದ್ದಳು.

ಎರಡು ತಿಂಗಳಿಗೆ ಕೆಂಪು ಕೆಟ್ಟಿತು. ಒಂದು ಲಡಿ ಗಾಢ, ಇನ್ನೊಂದು ಮಬ್ಬು. ಮಲ್ಲಿನಾಥ ಗಂಟನ್ನು ವಾಪಸ್ ಕಳಿಸಿ, "ಈ ಸಲ ಮಗಳ ಕೈಯಾಗ ಕೊಟ್ಟಿದ್ರೇನ?" ಎಂದು ಫೋನಿನಲ್ಲಿ ಕೇಳಿದ. "ಹೂಂ" ಎಂದ ಶಿದ್ರಾಮಪ್ಪ. ಮಧುಮತಿ ತೂಗಿದ್ದನ್ನೆಲ್ಲ ಮೂರು ಸಲ ತಾಳೆ ನೋಡಿದಳು, ತಪ್ಪು ಸಿಗಲಿಲ್ಲ.

"ನೀ ಅಂದದ್ದು ಖರೆ ಐತಿ ಯಪ್ಪಾ. ಇನ್ನ ಲಡಿ ತೊಳಕೊಂತ ಇರ್ತೇನಿ," ಎಂದಳು.

ಯಂತ್ರವನ್ನಾದರೂ ನೋಡಿ ಹೋಗಲೆಂದು ಜಮಖಂಡಿಯ ಮೆಕ್ಯಾನಿಕ್ ಅರುಣನನ್ನು ಕರೆಸಿದರು. ಅವನು ಕೊಳವೆ ಬಿಚ್ಚಿದ. ಮಣಿಗಳು ಬಿಳಿ ಗಚ್ಚಿನಲ್ಲಿ ಹೂತು ಹೆಂಟೆಯಾಗಿದ್ದವು.

"ಯಾ ಉಪ್ಪ ಹಾಕೀರಿ ಇದಕ?"

ಶಿದ್ರಾಮಪ್ಪ ಮೂಲೆಯ ಚೀಲ ತೋರಿಸಿದ. ನೂಲಿಗೆ ಬಣ್ಣ ಹಿಡಿಯಲೆಂದು ಹಂಡೆಗೆ ಹಾಕುವ ಗ್ಲಾಬರ್ ಉಪ್ಪು ಅದು. ಯಂತ್ರದ ಜೊತೆ ಬಂದ ಉಪ್ಪು ತೀರಿದ ಮೇಲೆ, ಮನೆಯಲ್ಲಿ ಚೀಲಗಟ್ಟಲೆ ಉಪ್ಪಿರುವಾಗ ಪೇಟೆಯಿಂದ ಬೇರೆ ಯಾಕೆಂದು, ಮಗಳಿಗೂ ಹೇಳದೆ, ಡಬ್ಬಿಗೆ ಅವನೇ ಅದನ್ನು ಸುರಿಯುತ್ತಿದ್ದ.

"ಉಪ್ಪ ಎಲ್ಲಾ ಒಂದ ಅಲ್ಲೇನ?"

"ಅಲ್ಲರೀ ಅಜ್ಜಾರ. ಇದಕ ಊಟದ ಉಪ್ಪಿನ ಜಾತೀದ ಬೇಕು. ಈ ಉಪ್ಪು ಸುಣ್ಣದ ಕೂಡ ಸೇರಿ ಒಳಗ ಗಟ್ಟಿ ಕುಂತೈತಿ. ಎಷ್ಟೋ ದಿವಸದಿಂದ ನಿಮಗ ಬರಾಕತ್ತಿದ್ದು ಸವಳ ನೀರ."

"ಅದಕ್ಕ ಬ್ಯಾಳಿ ಮತ್ತ ಬೇಯೂದ ಬಿಟ್ಟಿತ್ತು," ಎಂದಳು ಶಿದ್ರಾಮಪ್ಪನ ಹೆಂಡತಿ ಭಾಗವ್ವ, ಅಡುಗೆಮನೆಯಿಂದ.

ಮಧುಮತಿ ಅಪ್ಪನ ಮುಖ ನೋಡಿ, ಒಣಹಾಕಿದ ಲಡಿ ತೆಗೆಯಲು ಹೋದಳು. ನಾಲ್ಕು ಮಾತು ಅಂದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ನಾಚಿಕೆಯಿಂದ ಅವತ್ತು ಊಟ ಸೇರಲಿಲ್ಲ.

ಮರುದಿನ ಬನಹಟ್ಟಿಗೆ ಹೋಗಿ ಮಲ್ಲಿನಾಥನ ಅಂಗಡಿಯಲ್ಲಿ ಕೂತು ಹೇಳಿದ: "ಮೊದಲಿನ ಛಲೋ ಕೆಂಪು ಮಗಳದು. ಕೆಟ್ಟದ್ದು ನನ್ನಿಂದ."

ಮಲ್ಲಿನಾಥ ನಕ್ಕು ಚಹಾ ತರಿಸಿದ. "ಮಗಳ ಹೆಸರ ಉಳಸಾಕ ಬಂದೀರಿ. ನಿಮ್ಮ ಕೈ ತಪ್ಪತೈತಿ ಅಂದ್ರ ಯಾರ ನಂಬತಾರರೀ? ಮತ್ತ ನೂಲು ಕೊಡ್ತೇನಿ, ಒಯ್ಯರಿ. ಆದರ ಬಣ್ಣ ನೀವ ಹಾಕಬೇಕು."

ನಲವತ್ತೈದು ವರ್ಷ ದುಡಿದು ಗಳಿಸಿದ ಹೆಸರು ಅವನ ಮಾತಿಗೇ ಅಡ್ಡ ನಿಂತಿತ್ತು. ಚಹಾ ಕುಡಿದು ನೂಲು ಹೊತ್ತು ತಂದ.

ಗಂಟನ್ನು ಮಗಳ ಮುಂದಿಟ್ಟ. ಅಷ್ಟರಲ್ಲಿ ಅರುಣ ಕೊಳವೆಗೆ ಹೊಸ ಮಣಿ ತುಂಬಿ ಹೋಗಿದ್ದ. ಮಧುಮತಿ ತೂಗಿದಳು, ಕಲಸಿದಳು, ಮೊದಲ ಲಡಿ ಎತ್ತಿ ಹಿಡಿದು, "ನೋಡ ಬಾ ಯಪ್ಪಾ" ಎಂದು ಕರೆದಳು.

ಅವನು ಕಟ್ಟೆಯಿಂದ ಏಳಲಿಲ್ಲ. "ನಾ ಯಾಕ ನೋಡ್ಲಿ? ನಿನಗ ತಿಳಿತೈತಲ್ಲ."

ನೂಲು ಬನಹಟ್ಟಿ ಮುಟ್ಟಿದ ಸಂಜೆ ಮಲ್ಲಿನಾಥನ ಫೋನು ಬಂತು. "ನಾ ಹೇಳಲಿಲ್ಲೇನ್ರೀ ಶಿದ್ರಾಮಣ್ಣ, ನಿಮ್ಮ ಕೈ ಅಂದ್ರ ನಿಮ್ಮ ಕೈನ."

"ಬಣ್ಣ ಹಾಕಿದಾಕಿ ಇಲ್ಲೇ ಅದಾಳ. ಆಕಿಗೇ ಹೇಳ್ರಿ," ಎಂದು ಶಿದ್ರಾಮಪ್ಪ ಫೋನನ್ನು ಮಗಳ ಕೈಗಿಟ್ಟ.

ಮಲ್ಲಿನಾಥ ಆ ಕಡೆಯಿಂದ ದನಿ ಬದಲಿಸಿ, "ಏನವ್ವಾ, ಮುಂದಿನ ನೂಲು ಯಾವಾಗ ಕಳಸ್ಲಿ?" ಎಂದು ಕೇಳಿದ.

"ಸೋಮವಾರ ಕಳಸ್ರಿ," ಎಂದಳು ಮಧುಮತಿ.