ರೋಲರ್ ಕೋಸ್ಟರಿಗೆ ಅಜ್ಜ ಹೂಡಿದ ಎತ್ತುಗಳು

ಹೋದ ವಾರದಿಂದ ನಗರದ ಉದ್ಯಾನದ ರೋಲರ್ ಕೋಸ್ಟರನ್ನು ಯಾರನ್ನೂ ಕೇಳದೆ ಕತ್ತರಿಸಿ ಗುಜರಿಗೆ ಹಾಕುತ್ತಿದ್ದಾರೆ. ಇವತ್ತು ಅಲ್ಲಿ ಸುಟ್ಟ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ನಾನು ಮತ್ತೆ ಎರಡು ಜಡೆಯ ಹುಡುಗಿಯಾದೆ.

ಹೊಸ ಬಣ್ಣದ ವಾಸನೆಯೊಂದಿಗೆ ಆ ರೋಲರ್ ಕೋಸ್ಟರ್ ಬಂದಾಗ ಊರೂರಲ್ಲಿ ಅದರದೇ ಮಾತು. ನಮ್ಮೂರು ಕುಬಿಹಾಳದಿಂದ ಅಜ್ಜ ನನ್ನನ್ನು ಕರೆದೊಯ್ದ. ಮುಂದಿನ ಸೀಟನ್ನೇ ಹಿಡಿದೆವು. ನಮ್ಮದು ಸಪಾಟು ಎರೆಭೂಮಿ. ಅಷ್ಟು ಎತ್ತರದಿಂದ ನಾನೆಂದೂ ಕೆಳಗೆ ನೋಡಿರಲಿಲ್ಲ. ಗಾಡಿ ತುದಿ ಮುಟ್ಟಿ ಬಾಗಿತು. ಹಳ್ಳಕ್ಕೆ ಚಕ್ಕಡಿ ಇಳಿಸುವಾಗ ಮಾಡುವಂತೆಯೇ ಅಜ್ಜ ಹಿಂದಕ್ಕೆ ವಾಲಿ, ಮುಂದಿನ ಸರಳನ್ನು ಹಗ್ಗದಂತೆ ಜಗ್ಗಿ, "ಹೋ! ಹೋ! ಸಾವಕಾಶ!" ಎಂದು ಇಲ್ಲದ ಎತ್ತುಗಳಿಗೆ ಕೂಗಿದ. ಗಾಡಿ ಕೇಳಲಿಲ್ಲ. ನಾನು ಕಿರುಚುತ್ತಲೇ ನಕ್ಕೆ.

ಇಳಿದಾಗ ಗಾಡಿ ನಡೆಸುವವನು ಕಿಚಾಯಿಸಿದ: "ಯಜಮಾನ್ರ, ಎತ್ತು ಎಲ್ಲಿ ಬಿಟ್ಟ್ರಿ?"

"ಬೆದರಿ ಮ್ಯಾಲೇ ಉಳಿದಾವೋ ತಮ್ಮಾ. ಹಿಡಕೊಂಡ ಬರ್ತೀವಿ, ಇನ್ನೊಮ್ಮಿ ಬಿಡು!"

ಮತ್ತೆ ಮೂರು ಸಲ ಹತ್ತಿದೆವು.

ಅದೇ ಸೀಟಿನಲ್ಲಿ ಕೂಡ್ರಿಸುತ್ತೇನೆಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದೆ. ಇವತ್ತು ಅವಳು ಗೇಟಿನಲ್ಲೇ ನಿಂತು, "ಅಜ್ಜೀ, ಗಾಡಿ ಎಲ್ಲೈತಿ?" ಎಂದಳು. ಉದ್ಯಾನದ ಅಧಿಕಾರಿಗಳೇ, ಆ ಗೇಟಿಗೇ ಬಂದು ಎಲ್ಲರೆದುರು ಅವಳಿಗೆ ಉತ್ತರ ಹೇಳಿ.